ನುಸಿಗುಳಿಗೆಯ ಹೊಟ್ಟು

ಅರವತ್ತರ ದಶಕದಲ್ಲಿ ನಮ್ಮವರ ಬ್ಯಾಂಕಿನವರು ನಮ್ಮನ್ನು ಸೂರತ್ತಿನಿಂದ ಬರೋಡಕ್ಕೆ, ಅಲ್ಲಿಂದ ಅಹಮದಾಬಾದಿಗೆ ಎತ್ತಿ ಹಾಕಿದರು. ವರ್ಗವಾಗುತ್ತಲೇ ಇರುವ ಮನೆಯಲ್ಲಿ ಯಾವುದನ್ನೂ ಬಿಸಾಡುವುದಿಲ್ಲ. ಹಗ್ಗ, ಗೋಣಿ, ಪಿಂಗಾಣಿ ಕಪ್ಪುಗಳು ಒಡೆಯದಿರಲೆಂದು ನಡುವೆ ತುಂಬುವ ಮರದ ಹೊಟ್ಟು, ಎಲ್ಲ ಮುಂದಿನ ಆರ್ಡರಿಗೆ ಕಾಯುತ್ತ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿದ್ದವು. ಅದೇ ಪೆಟ್ಟಿಗೆಯಲ್ಲಿ ಮೇಲುಗಡೆ ನನ್ನ ರೇಷ್ಮೆ ಸೀರೆಗಳು, ಮಡಿಕೆ ಮಡಿಕೆಗೂ ನುಸಿಗುಳಿಗೆ.

ಬರೋಡದಲ್ಲಿ ಪಕ್ಕದ ಮನೆಯ ಗುಜರಾತಿ ಮೇಷ್ಟರು ಕಾಲೇಜಿನ ಪ್ರಯೋಗಶಾಲೆಯಲ್ಲಿ ಹೆಚ್ಚಾಗಿದ್ದ ಎರಡು ಗಿನಿಪಿಗ್‌ಗಳನ್ನು ತಂದು ನಮ್ಮ ಎಂಟು ವರ್ಷದ ಮಗಳಿಗೆ ಕೊಟ್ಟರು. ಬಾಲವಿಲ್ಲದ ದೊಡ್ಡ ಇಲಿಗಳ ಹಾಗಿದ್ದವು. ಒಂದು ಬಿಳಿ, ಒಂದು ಕಂದು. ಸ್ಕೂಲಿನಲ್ಲಿ ಗುಜರಾತಿ, ನಮ್ಮೊಂದಿಗೆ ಅರೆಬರೆ ಕನ್ನಡ ಆಡುತ್ತಿದ್ದ ಹುಡುಗಿ, ಯಾಕೋ ಅವುಗಳ ಹತ್ತಿರ ಮಾತ್ರ ಪೂರ್ತಿ ಕನ್ನಡದಲ್ಲೇ ಮಾತಾಡುತ್ತಿದ್ದಳು.

ಗೂಡಿಗೆ ಏನು ಹಾಸುವುದೆನ್ನುವುದು ನನ್ನ ಪಾಲಿಗೆ ಬಂತು. ಪೇಪರು ಹಾಸಿದರೆ ಮಸಿ ಹತ್ತಿ ಬಿಳಿಯದರ ಹೊಟ್ಟೆ ಕಪ್ಪಾಯಿತು. ಹಳೆ ರಜಾಯಿಯ ಹತ್ತಿ ಹಾಸಿದರೆ ಎಳೆ ಕಾಲಿಗೆ ಸುತ್ತಿಕೊಂಡಿತು. ಕತ್ತರಿ ತಂದು ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದೆ. ಕೊನೆಗೆ ಬೀದಿಮೂಲೆಯ ಬಡಗಿ ಹೆರೆದು ಬಿಟ್ಟ ಮರದ ಸಿಪ್ಪೆ ಸರಿಹೋಯಿತು. ಆದರೆ ಊರಾಚೆ ಕೊಯಾಲಿಯಲ್ಲಿ ಎಣ್ಣೆ ಕಾರ್ಖಾನೆಯವರ ಕ್ವಾರ್ಟರ್ಸ್ ಕಟ್ಟುವ ಕೆಲಸ ಶುರುವಾಗಿ ಆ ಬಡಗಿ ಅಲ್ಲಿಗೆ ಹೋಗಿಬಿಟ್ಟ. ಆ ವಾರ ನನಗೆ ಜ್ವರ ಬೇರೆ. ಇನ್ನೊಬ್ಬ ಬಡಗಿಯನ್ನು ಹುಡುಕುವ ತ್ರಾಣವಿಲ್ಲದೆ ಪೆಟ್ಟಿಗೆ ತೆಗೆದೆ. ಒಣಗಿದ ಹೊಟ್ಟು, ಒಂದು ಹುಳವೂ ಇಲ್ಲ. ನುಸಿಗುಳಿಗೆಯ ವಾಸನೆ ಬರುತ್ತಿತ್ತು, ನಿಜ. ಅದು ನನಗೆ ಹಬ್ಬದ ದಿನ ಸೀರೆ ಬಿಡಿಸುವಾಗಿನ ವಾಸನೆ. ಅದನ್ನು ಕೆಟ್ಟದ್ದೆಂದು ನಾನು ಎಣಿಸಿರಲೇ ಇಲ್ಲ.

ಮಾರನೆಯ ದಿನ ಎರಡೂ ಸೀನತೊಡಗಿದವು. ಚಳಿಗಿರಬೇಕೆಂದು ಇನ್ನೊಂದು ಹಿಡಿ ಹಾಕಿದೆ. ಮೂರನೆಯ ದಿನ ಮಗಳು ಸ್ಕೂಲಿನಿಂದ ಬರುವಾಗ ಬಿಳಿಯದು ಸತ್ತು ಸೆಟೆದು ಬಿದ್ದಿತ್ತು.

ಮೇಷ್ಟರು ಗೂಡಿಗೆ ಮೂಗಿಟ್ಟು ನೋಡಿ, ಹೊಟ್ಟು ಎಲ್ಲಿಯದೆಂದು ಹಿಂದಿಯಲ್ಲಿ ಕೇಳಿದರು. ಹೇಳಿದೆ. ಒಂದು ಹಿಡಿ ಹೊಟ್ಟನ್ನು ಹೊರಗೆ ತೆಗೆದು ಅಂದರು: "ಹುಳ ಸಾಯುವ ಗಾಳಿಯಲ್ಲಿ ಇವು ಹೇಗೆ ಬದುಕಬೇಕು, ಬೆಹನ್?"

ಮಗಳು ಅಲ್ಲೇ ನಿಂತಿದ್ದಳು. ಅಳಲಿಲ್ಲ. ಅವತ್ತಿನಿಂದ ನನ್ನ ಹತ್ತಿರ ಮಾತು ಬಿಟ್ಟಳು. ಊಟಕ್ಕೆ ಕರೆದರೆ ಬಂದು ಕೂರುವಳು, ಎದ್ದು ಹೋಗುವಳು. ಕಂದು ಬಣ್ಣದ್ದು ಇನ್ನೂ ಸೀನುತ್ತಲೇ ಇತ್ತು.

ಗೂಡನ್ನು ತೊಳೆದು ಬಿಸಿಲಿಗಿಟ್ಟೆ. ದೇವಸ್ಥಾನದ ಹತ್ತಿರ ಒಬ್ಬಾಕೆ ಹಸುಗಳನ್ನು ಕಟ್ಟಿಕೊಂಡು, ಪುಣ್ಯಕ್ಕೆ ಮೇವು ತಿನ್ನಿಸುವವರಿಗೆ ಹುಲ್ಲಿನ ಕಟ್ಟು ಮಾರುತ್ತಿದ್ದಳು. ನಾನು ಒಣಗಿದ್ದೇ ಬೇಕೆಂದು ಆರಿಸುವುದನ್ನು ಕಂಡು, ಯಾವ ಹಸುವಿಗೆ ಎಂದು ಕೇಳಿದಳು. ನನ್ನ ಹರಕು ಗುಜರಾತಿಯಲ್ಲಿ ಇಲಿಗೆ ಹಾಸಲು ಎಂದೆ.

"ಹಸು ತಿಂದರೆ ಪುಣ್ಯ ಬರುತ್ತೆ. ಇಲಿ ಮಲಗಿದರೆ ನಿನಗೆ ಏನು ಬರುತ್ತೆ?"

"ಮಗಳ ಮಾತು ಬರುತ್ತೆ," ಅಂದೆ.

ಆಕೆ ನಗಲಿಲ್ಲ. ತಾನು ಕೂತಿದ್ದ ಕಟ್ಟನ್ನೇ ಎಳೆದು ಕೊಟ್ಟಳು. ಹಸಿ ಇದ್ದರೆ ಬೂಷ್ಟು ಹಿಡಿಯುತ್ತೆ, ಇದು ಚೆನ್ನಾಗಿ ಒಣಗಿದೆ ಅಂದಳು.

ಮಹಡಿಯ ಮೇಲೆ ಹರವಿ, ಮುಳ್ಳು ಆರಿಸಿ, ಒಂದೊಂದು ಹಿಡಿಯನ್ನೂ ಮೂಸಿ ಹಾಸಿದೆ. ನಾಲ್ಕು ದಿನಕ್ಕೆ ಸೀನು ನಿಂತು, ಕಂದು ಬಣ್ಣದ್ದು ಕ್ಯಾರೆಟ್ ಕಚ್ಚಿತು. ಮಗಳು ಗೂಡಿನ ಮುಂದೆ ಕೂತು ನೋಡುತ್ತಿದ್ದಳು. ನನ್ನ ಕಡೆ ತಿರುಗದೆ ಕೇಳಿದಳು: "ಮೂಸಿ ನೋಡಿದ್ಯಾ ಅಮ್ಮ?"

"ನೋಡಿದೆ ಕಣೆ."

"ದಿನಾ ನೋಡ್ಬೇಕು."

ದಿನಾ ನೋಡಿದೆ. ಬೇಸರವಾದರೂ ನೋಡಿದೆ.

ಅಹಮದಾಬಾದಿನ ಆರ್ಡರು ಬಂದಾಗ, ಹೊಟ್ಟು ಎಲ್ಲಿ ಎಂದು ನಮ್ಮವರು ಪೆಟ್ಟಿಗೆ ತಡಕಿದರು. ಎಸೆದೆ ಎಂದೆ. ಕಪ್ಪುಗಳನ್ನು ಹುಲ್ಲಿನಲ್ಲೇ ಸುತ್ತಿದ್ದಾಯಿತು. ಎರಡು ಒಡೆದವು, ಹೋಗಲಿ. ಹೊಸ ಮನೆಯಲ್ಲಿ ಕಾಫಿಗೆ ನೀರಿಟ್ಟು ತಿರುಗಿದರೆ, ಮಗಳು ಒಂದೊಂದೇ ಕಪ್ಪಿನಿಂದ ಹುಲ್ಲು ತೆಗೆದು, ಮೂಗಿಗೆ ಹಿಡಿದು, ಗೂಡಿಗೆ ಹಾಕುತ್ತಿದ್ದಳು.