ಏಳು ಜನರನ್ನು ಕೂರಿಸಿ ಅಳತೆ ಹಿಡಿಯುವ ಡೀಸೆಲಣ್ಣ

ಬೆಳಗಿನ ಐದೂಮುಕ್ಕಾಲು. ತಗಡಿನ ಶೆಡ್ಡಿನೊಳಗೆ ಒಂದು ಮುದಿ ಜೀಪು ನಿಂತಿದೆ. ಬಾನೆಟ್ಟು ಗೋಡೆಗೆ ಒರಗಿದೆ, ದೀಪಗಳು ಬಕೆಟ್ಟಿನಲ್ಲಿವೆ, ಇಂಜಿನ್ನು ಇನ್ನೂ ಬೋಲ್ಟಿನ ಮುಖ ಕಾಣದೆ ಚಾಸಿಯ ಮೇಲಿನ ಮರದ ತುಂಡುಗಳ ಮೇಲೆ ಕೂತಿದೆ. ಎಲ್ಲಿಗೂ ಹೋಗಲಾರದ ಈ ಗಾಡಿಯಲ್ಲಿ ಏಳು ಜನ ಒತ್ತೊತ್ತಾಗಿ ಕೂತು ಆಕಳಿಸುತ್ತಿದ್ದಾರೆ. ಮುಂದೆ ಕಟಿಂಗ್ ಶಾಪಿನವರು ಮತ್ತು ನಿವೃತ್ತ ಹೆಡ್ ಮಿಸ್ಸು. ಹಿಂದೆ ಬೇಕರಿಯ ಅಣ್ಣತಮ್ಮಂದಿರು, ಪೇಪರ್ ಹಾಕುವವರು, ಎದುರು ಮನೆಯ ಗಂಡ ಹೆಂಡತಿ. ಅವರೆಲ್ಲರ ಕಾಲ ಬಳಿ ಒಂದು ಹೊಲಿಗೆ ಮಿಷನ್ನು, ತೂಕಕ್ಕೆ.

"ಈಗ ಎಲ್ರೂ ಕೂತಲ್ಲೇ ಒಂದ್ಸಲ ಕುಣೀರಿ," ಎನ್ನುತ್ತದೆ ನೆಲದ ಮಟ್ಟದಿಂದ ಒಂದು ದನಿ.

ಏಳು ಜನ ಕುಣಿಯುತ್ತಾರೆ. ಜೀಪು ಕಿರ್ರ್ ಎನ್ನುತ್ತದೆ. "ನಲವತ್ತು ವರ್ಷ ಮಕ್ಕಳಿಗೆ ಅಲುಗಾಡ್ದೆ ಕೂತ್ಕೊಳ್ಳಿ ಅಂತ ಗಂಟಲು ಹರ್ಕೊಂಡೆ, ಈಗ ಈ ಪುಣ್ಯಾತ್ಮ ನನ್ನನ್ನೇ ಕುಣಿಸ್ತಿದ್ದಾನೆ," ಎಂದು ಹೆಡ್ ಮಿಸ್ಸು ಗೊಣಗುತ್ತಾರೆ. ಗೊಣಗಿದರೂ ಕುಣಿತ ನಿಲ್ಲಿಸುವುದಿಲ್ಲ. ಜೀಪಿನ ಪಕ್ಕ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಟಾರ್ಚು ಬಿಟ್ಟುಕೊಂಡು ನೋಡುತ್ತಿರುವ ಪುಣ್ಯಾತ್ಮನೇ ಡೀಸೆಲಣ್ಣ. ಐವತ್ತೇಳು ವರ್ಷ, ತೆಳು ಮೈಕಟ್ಟು, ಎಷ್ಟು ತೊಳೆದರೂ ಕಪ್ಪು ಬಿಡದ ಉಗುರು. ಹಳೆಯ ಪೆಟ್ರೋಲ್ ಜೀಪುಗಳ ಸತ್ತ ಇಂಜಿನ್ ಇಳಿಸಿ, ಆ ಜಾಗಕ್ಕೆ ಡೀಸೆಲ್ ಇಂಜಿನ್ ಕೂರಿಸುವುದು ಅವರ ಕಸುಬು. ಮೂವತ್ತೊಂದು ವರ್ಷಗಳಿಂದ ಇದೇ ಶೆಡ್ಡು, ಇದೇ ನೆಲ.

ಮುಂದಿನ ಚಕ್ರಗಳೆರಡನ್ನು ಹಿಡಿದಿರುವ ಆಕ್ಸಲ್ಲಿನ ಮೇಲೆ ಅವರು ಹಸಿ ಜೇಡಿಮಣ್ಣಿನ ಉಂಡೆಯೊಂದನ್ನು ಮೆತ್ತಿದ್ದಾರೆ. ಅದರ ನೇರಕ್ಕೆ ಮೇಲೆ ಇರುವುದು ಇಂಜಿನ್ನಿನ ತಳದ ಎಣ್ಣೆ ತೊಟ್ಟಿ. ಗಾಡಿ ಹಳ್ಳಕ್ಕೆ ಬಿದ್ದಾಗಲೆಲ್ಲ ಆಕ್ಸಲ್ ಮೇಲೇಳುತ್ತದೆ, ತೊಟ್ಟಿಯ ಹತ್ತಿರ ಹೋಗುತ್ತದೆ. ಎಷ್ಟು ಹತ್ತಿರ ಹೋಯಿತು ಎನ್ನುವುದನ್ನು ಮಣ್ಣಿನ ಉಂಡೆ ಚಪ್ಪಟೆಯಾಗಿ ಹೇಳುತ್ತದೆ. ಏಳು ಜನ ಕುಣಿದ ಮೇಲೂ ಉಂಡೆ ಹೆಬ್ಬೆರಳ ದಪ್ಪ ಉಳಿದಿರಬೇಕು, ಅದು ಡೀಸೆಲಣ್ಣನ ಲೆಕ್ಕ. ಇವತ್ತು ಉಳಿದಿದೆ. "ಇಳೀರಿ ಇಳೀರಿ, ದೊಡ್ಡ ಉಪಕಾರ ಆಯ್ತು," ಎನ್ನುತ್ತ ಎದ್ದು ಕೂರುತ್ತಾರೆ. ಪ್ರಯಾಣಿಕರು ಹೊರಟಲ್ಲೇ ಇಳಿದು ತಂತಮ್ಮ ಅಂಗಡಿ ಮನೆಗಳಿಗೆ ಹೋಗುತ್ತಾರೆ.

ಏಳೇ ಜನ ಯಾಕೆ ಎಂದು ಕೇಳಿದರೆ, ಈ ಗಾಡಿಯ ಒಡತಿಯ ಮಾತೆತ್ತುತ್ತಾರೆ. ಆಕೆ ನರ್ಸು. ವಾರಕ್ಕೊಮ್ಮೆ ಔಷಧಿ ಪೆಟ್ಟಿಗೆ ಹೇರಿಕೊಂಡು ಗುಡ್ಡದ ಮೇಲಿನ ನಾಲ್ಕು ಹಟ್ಟಿಗಳಿಗೆ ಹತ್ತುತ್ತಾರೆ. ಬೇರೆ ಗಾಡಿಗಳು ಆ ಕಲ್ಲು ದಾರಿಯ ಬುಡದಲ್ಲೇ ಕೈಮುಗಿಯುತ್ತವೆ. "ಆರು ಜನ ಕೂರ್ತೀವಿ ಅಂದ್ರು ಸಿಸ್ಟರ್. ನಾನು ಏಳು ಹಿಡ್ಕೊಂಡೆ. ಇಳಿಯೋವಾಗ ಇನ್ನೊಬ್ರು ಹತ್ತದೇ ಇರ್ತಾರಾ? ಕಾಯಿಲೆಯವರನ್ನ ಜಾಗ ಇಲ್ಲ ಅಂತ ಬಿಟ್ಟು ಬರೋಕಾಗುತ್ತಾ?" ಎನ್ನುತ್ತಾರೆ.

ಹೀಗೆ ಜನರನ್ನು ಕೂರಿಸಿ ಅಳೆಯುವ ಪದ್ಧತಿ ಹುಟ್ಟಿದ್ದು ಒಂದು ಎಡವಟ್ಟಿನಿಂದ. ಅದನ್ನು ಅವರು ಮುಚ್ಚಿಡುವುದಿಲ್ಲ. ಇಪ್ಪತ್ತಾರರ ಹರೆಯದಲ್ಲಿ ಸ್ವಂತವಾಗಿ ಕೂರಿಸಿದ ಮೊದಲ ಇಂಜಿನ್ನು, ಹಾಲು ಸಾಗಿಸುವ ಹಿರಿಯರೊಬ್ಬರ ಜೀಪಿನದು. ಗಾಡಿಯನ್ನು ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿ, ಚಕ್ರಗಳು ನೇತಾಡುತ್ತಿದ್ದಾಗಲೇ ಅಳತೆ ಹಿಡಿದರು. ನಾಲ್ಕು ಬೆರಳು ಜಾಗ ಕಂಡಿತು, ಹಿರಿಹಿರಿ ಹಿಗ್ಗಿದರು. ನೆಲಕ್ಕಿಳಿಸಿ ಒಬ್ಬರೇ ಊರು ಸುತ್ತಿಸಿ ಬಂದರು, ಗಾಡಿ ಬೆಣ್ಣೆ. ಮಾರನೆಯ ದಿನ ಹಾಲಿನವರು ಹನ್ನೆರಡು ಕ್ಯಾನು ಹೇರಿ, ಮೂವರು ಹತ್ತಿ, ಮೊದಲ ಹಳ್ಳಕ್ಕೆ ಇಳಿಸಿದ್ದೇ ತಡ, ಆಕ್ಸಲ್ ಮೇಲೆದ್ದು ಎಣ್ಣೆ ತೊಟ್ಟಿಗೆ ಗುದ್ದಿತು. ತೊಟ್ಟಿ ಒಡೆದು ಎಣ್ಣೆಯೆಲ್ಲ ದಾರಿಪಾಲು. ಎರಡು ಮೈಲಿ ಮುಂದೆ ಇಂಜಿನ್ ಕಚ್ಚಿಕೊಂಡು ನಿಂತಿತು.

"ಅವ್ರು ನಡ್ಕೊಂಡು ಬಂದ್ರು. ಬೈತಾರೆ, ಹೊಡೀತಾರೆ ಅಂತ ತಲೆ ತಗ್ಗಿಸ್ಕೊಂಡು ನಿಂತಿದ್ದೆ. ಬೈಲಿಲ್ಲ. ನೀರು ಕೇಳಿ ಕುಡಿದ್ರು. ಆಮೇಲೆ, ನೀನು ಅಳತೆ ತಗೊಂಡಾಗ ನಾವ್ಯಾರೂ ಗಾಡೀಲಿ ಇರ್ಲಿಲ್ಲ ಅಲ್ವೇನಪ್ಪಾ ಅಂದ್ರು, ಅಷ್ಟೇ. ಆ ಮಾತಿಗೆ ಎರಡು ದಿನ ಅನ್ನ ಸೇರ್ಲಿಲ್ಲ," ಎನ್ನುವಾಗ ಡೀಸೆಲಣ್ಣ ಕೈಯಲ್ಲಿರುವ ಸ್ಪ್ಯಾನರನ್ನು ಸುಮ್ಮನೆ ಒರೆಸುತ್ತಿರುತ್ತಾರೆ. ಬೇರೆ ಇಂಜಿನ್ ಹುಡುಕಿ ಹಾಕಿಕೊಟ್ಟರು. ಆ ಸಲ ಅಳತೆಗೆ ಹಾಲಿನವರ ಇಡೀ ಕುಟುಂಬವೇ ಬಂದು ಕೂತಿತ್ತಂತೆ, ತುಂಬಿದ ಕ್ಯಾನುಗಳ ಸಮೇತ. ಅಂದಿನಿಂದ ಇವತ್ತಿನವರೆಗೆ ನೂರ ನಲವತ್ತೆರಡು ಗಾಡಿ ಈ ಶೆಡ್ಡಿನಿಂದ ಹೊರಟಿವೆ. ಒಂದಕ್ಕೂ ಖಾಲಿ ಗಾಡಿಯ ಅಳತೆ ಹಿಡಿದಿಲ್ಲ. ಪ್ರತಿಯೊಂದರಲ್ಲೂ ಮಣ್ಣಿನ ಉಂಡೆ ಎಷ್ಟು ಉಳಿಯಿತು ಎಂಬುದನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿದ್ದಾರೆ.

ಗೋಡೆಯಾಚೆ ಟೈಲರ್ ಅಂಗಡಿ. ಅಲ್ಲಿರುವವರು ಡೀಸೆಲಣ್ಣನ ಹೆಂಡತಿ, ಊರಿಗೆಲ್ಲ ಟೈಲರಕ್ಕ. ಜೀಪಿನ ಕೆಲಸದಲ್ಲಿ ಅವರದೂ ಕೈಯಿದೆ. ಹೊಸ ಇಂಜಿನ್ನಿನ ಮುಖಕ್ಕೂ ಹಳೆಯ ಗೇರ್‌ಬಾಕ್ಸಿನ ಮುಖಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ, ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು ಬೇಕು. ಅದಕ್ಕೆ ಕಾಗದದಲ್ಲಿ ಮಾದರಿ ತೆಗೆಯಬೇಕು. ಮದುವೆಯಾದ ಹೊಸದರಲ್ಲಿ ಡೀಸೆಲಣ್ಣ ತಾವೇ ಮಾದರಿ ಕತ್ತರಿಸಿ, ಕಾಗದವನ್ನು ಮಗುಚಿ ಹಾಕಿ, ಲೇತಿನವರಿಂದ ಒಂದಿಡೀ ಪ್ಲೇಟನ್ನು ತಿರುಗುಮುರುಗಾಗಿ ಕೊರೆಸಿದ್ದರು. ಹೆಂಡತಿ ಒಂದು ನೋಟಕ್ಕೇ ಕಂಡುಹಿಡಿದರು.

"ಎಡಗಡೆ ತೋಳನ್ನ ಬಲಕ್ಕೆ ಹಚ್ಚಿದ್ದೀರಲ್ರೀ ಅಂದೆ. ಮೂರು ದಿನ ಮಾತಾಡ್ಲಿಲ್ಲ ನನ್ ಹತ್ರ," ಎಂದು ಟೈಲರಕ್ಕ ನಗುತ್ತಾರೆ. "ನಾಲ್ಕನೇ ದಿನ ಕಾಗದ ತಂದು ಮುಂದೆ ಇಟ್ರು. ಆವತ್ತಿಂದ ನಾನೇ ಕತ್ತರಿಸಿಕೊಡೋದು. ಅಂಗಿಗೆ ತೋಳು ಕೂರಿಸೋದಕ್ಕಿಂತ ಇದು ಸಲೀಸು. ಕಬ್ಬಿಣ ಇವತ್ತು ದಪ್ಪ ಆಗಿ ನಾಳೆ ಸಣ್ಣ ಆಗಲ್ಲ ನೋಡಿ."

ಶೆಡ್ಡಿನ ದಿನಚರಿ ಮಾತ್ರ ಸಲೀಸಲ್ಲ. ಒಂದು ಗಾಡಿಗೆ ಹತ್ತೊಂಬತ್ತು ಇಪ್ಪತ್ತು ದಿನ ಹಿಡಿಯುತ್ತದೆ. ಪೆಟ್ರೋಲ್ ಟ್ಯಾಂಕು ತೊಳೆಯಬೇಕು, ಪೈಪು ಬದಲಿಸಬೇಕು, ಡೀಸೆಲ್ ಇಂಜಿನ್ನಿನ ಭಾರಕ್ಕೆ ಮುಂದಿನ ಸ್ಪ್ರಿಂಗ್ ಪಟ್ಟಿಗಳಿಗೆ ಇನ್ನೊಂದು ಪಟ್ಟಿ ಸೇರಿಸಬೇಕು. ಹೊಸ ಇಂಜಿನ್ನಿನ ನಂಬರು ಗಾಡಿಯ ಕಾಗದಪತ್ರದಲ್ಲಿ ಏರುವ ತನಕ ಯಾರು ಗೋಗರೆದರೂ ಗಾಡಿಯ ಕೀಲಿ ಕೊಡುವುದಿಲ್ಲ. ಎಡಗಿವಿ ಹತ್ತು ವರ್ಷದ ಹಿಂದೆಯೇ ಕೈಕೊಟ್ಟಿದೆ, ಸೊಂಟ ಮಳೆಗಾಲಕ್ಕೆ ಮುಂಚೆಯೇ ಸುಳಿವು ಕೊಡುತ್ತದೆ. "ದಿನಕ್ಕೆ ನಲವತ್ತು ಸಲ ಗಾಡಿ ಅಡಿ ಮಲಗಿ ಏಳ್ತಾರೆ, ಎಣಿಸಿದ್ದೀನಿ. ಮನೇಲಿ ಒಂದ್ಸಲ ಮಲಗಿದ್ರೆ ಕರೆದ್ರೂ ಏಳಲ್ಲ," ಇದು ಟೈಲರಕ್ಕನ ದೂರು. ನೀವು ಎಲೆಮರೆಯ ಕಾಯಿ ಎಂದು ಹೇಳಿದರೆ ಡೀಸೆಲಣ್ಣ ಮೈಮೇಲಿನ ಗ್ರೀಸು ತೋರಿಸುತ್ತಾರೆ: "ಎಲೆ ಎಲ್ಲಿ ಬಂತು ಮಾರಾಯ್ರೆ, ನಾನಿರೋದು ಗಾಡಿ ಅಡಿ."

ಸೋಮವಾರ ಅಳತೆಯಾದ ಆ ಜೀಪಿಗೆ ಮಂಗಳವಾರ ಸಂಜೆಯೊಳಗೆ ಇಂಜಿನ್ನು ಕೂತು, ಮೊದಲೇ ಅರ್ಜಿ ಹಾಕಿದ್ದ ಕಾಗದವೂ ಕೈಸೇರಿದೆ. ಬುಧವಾರ ಬೆಳಿಗ್ಗೆ ನರ್ಸು ನಿಜವಾದ ಸಾಮಾನುಗಳನ್ನೇ ತಂದು ಹೇರುತ್ತಾರೆ. ಅವರ ಮುಖದಲ್ಲಿ ಆತುರವಿದೆ. ಮೇಲಿನ ಹಟ್ಟಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ದಿನ ತುಂಬಿದೆ, ಮೊದಲ ಹೆರಿಗೆ, ಮಗು ಅಡ್ಡ ತಿರುಗಿದೆ ಎಂದು ಸುದ್ದಿ ಬಂದಿದೆ. ಗುರುವಾರ ಬೆಳಗಾಗುತ್ತಲೇ ಹೊರಟು ಆಕೆಯನ್ನು ಕೆಳಗೆ ಆಸ್ಪತ್ರೆಗೆ ತರಬೇಕು. ಮೂರು ವಾರಗಳಿಂದ ಆ ದಾರಿಯಲ್ಲಿ ಯಾವ ಗಾಡಿಯೂ ಹತ್ತಿಲ್ಲ.

ಸಾಮಾನಿನ ಜೊತೆ ಒಂದು ಆಮ್ಲಜನಕದ ಸಿಲಿಂಡರೂ ಇದೆ. ಡೀಸೆಲಣ್ಣ ಅದನ್ನೇ ನೋಡುತ್ತ ನಿಲ್ಲುತ್ತಾರೆ. "ಇದು ಯಾವಾಗ ಬಂತು ಸಿಸ್ಟರ್?"

"ನಿನ್ನೆ ಕಳಿಸಿದ್ರಣ್ಣಾ. ಇನ್ಮೇಲೆ ಪ್ರತಿ ಸಲ ತಗೊಂಡು ಹೋಗ್ಬೇಕಂತೆ."

ಸೋಮವಾರದ ಅಳತೆಯಲ್ಲಿ ಈ ಭಾರ ಇರಲಿಲ್ಲ. ಏಳು ಜನರಿಗೆ ಮತ್ತೆ ಕರೆ ಹೋಗುತ್ತದೆ. ಬೇಕರಿಯವರು ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಾರೆ. ಈ ಸಲ ಕೂತಲ್ಲಿ ಕುಣಿತವಲ್ಲ, ಊರಾಚೆಯ ಕಲ್ಲುಕ್ವಾರಿಯ ಏರುದಾರಿಯಲ್ಲಿ ನಿಜವಾದ ಸವಾರಿ. ಜೀಪು ಗಡಗಡ ಎನ್ನುತ್ತ ಏರಿ, ಎಡವಿ, ಇಳಿದು ಬರುತ್ತದೆ. ಎಲ್ಲರಿಗೂ ಖುಷಿ. ಹೆಡ್ ಮಿಸ್ಸಂತೂ ಇನ್ನೊಂದು ಸುತ್ತು ಹೋಗೋಣ ಎನ್ನುತ್ತಾರೆ. ಡೀಸೆಲಣ್ಣ ಮಾತ್ರ ಟಾರ್ಚು ಹಿಡಿದು ಕೆಳಗೆ ಸೇರಿದವರು ಎಷ್ಟು ಹೊತ್ತಾದರೂ ಈಚೆ ಬರುವುದಿಲ್ಲ. ಬಂದಾಗ ಅಂಗೈಯಲ್ಲಿ ಮಣ್ಣಿನ ಉಂಡೆಯಿದೆ. ಉಂಡೆಯಾಗಿ ಉಳಿದಿಲ್ಲ, ಉಗುರಿನ ದಪ್ಪದ ಬಿಲ್ಲೆಯಾಗಿದೆ.

"ತಾಗಿಲ್ಲ ಅಲ್ವಾಣ್ಣಾ?" ನರ್ಸು ಕೇಳುತ್ತಾರೆ.

"ತಾಗಿಲ್ಲ. ಆದ್ರೆ ಇದು ಕ್ವಾರಿ ಸಿಸ್ಟರ್, ಗುಡ್ಡ ಅಲ್ಲ."

"ನಾಳೆ ಬೆಳಿಗ್ಗೆ ಹೊರಡ್ಲೇಬೇಕು. ಒಂದ್ಸಲ ಹೋಗಿ ಬರ್ತೀನಿ, ಆಮೇಲೆ ಸರಿ ಮಾಡಿ. ನಿಧಾನಕ್ಕೆ ಓಡಿಸ್ತೀನಿ."

ಡೀಸೆಲಣ್ಣನಿಗೆ ಧರ್ಮಸಂಕಟ. ಇಂಜಿನ್ ಮತ್ತೆ ಎತ್ತಿದರೆ ಸಂಜೆಯೊಳಗೆ ಮುಗಿಯುವ ಭರವಸೆ ಇಲ್ಲ. ಮುಗಿಯದಿದ್ದರೆ ನಾಳೆ ಗಾಡಿ ಹೋಗುವುದಿಲ್ಲ, ತುಂಬು ಬಸುರಿ ಗುಡ್ಡದಲ್ಲೇ ಉಳಿಯುತ್ತಾಳೆ. ಎತ್ತದೆ ಬಿಟ್ಟರೆ ಯಾರಿಗೂ ಏನೂ ಕಾಣುವುದಿಲ್ಲ, ಆದರೆ ಅದೇ ಬಸುರಿಯನ್ನು ಹೊತ್ತು ಇಳಿಯುವಾಗ ಯಾವುದೋ ತಿರುವಿನಲ್ಲಿ ತೊಟ್ಟಿ ಒಡೆದರೆ? ಅವರು ಹಣೆ ಒರೆಸಿಕೊಳ್ಳುತ್ತಾರೆ, ಹಣೆಗೆಲ್ಲ ಮಣ್ಣು. "ಗಾಡಿ ಬೆಳಿಗ್ಗೆ ಐದಕ್ಕೆ ನಿಮ್ಮ ಬಾಗಿಲಲ್ಲಿರುತ್ತೆ. ಈಗ ಸಾಮಾನು ಇಳಿಸಿ," ಎಂದುಬಿಡುತ್ತಾರೆ.

ಆ ಹಗಲಿಡೀ ಶೆಡ್ಡಿನಲ್ಲಿ ಕೆಲಸ ಸಾಗುತ್ತದೆ. ಸರಪಳಿಯಲ್ಲಿ ಇಂಜಿನ್ನು ಮೇಲೇಳುತ್ತದೆ. ಅದನ್ನು ಹೊತ್ತಿದ್ದ ಕಬ್ಬಿಣದ ಕೈಗಳನ್ನು ಕತ್ತರಿಸಿ, ಹೆಬ್ಬೆರಳಷ್ಟು ಎತ್ತರಿಸಿ ಮತ್ತೆ ಬೆಸೆಯುತ್ತಾರೆ. ಹೊಗೆ ಕೊಳವೆಯನ್ನು ಬಗ್ಗಿಸುತ್ತಾರೆ. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿದಂತೆಯೇ ಇದೆ. ನಾಲ್ಕು ಗಂಟೆಗೆ ಎಲ್ಲ ಕೂತಿತು ಎನ್ನುವಾಗ ಬಾನೆಟ್ಟು ಮುಚ್ಚುವುದಿಲ್ಲ, ಎತ್ತರವಾದ ಇಂಜಿನ್ನಿನ ತಲೆ ತಗಲುತ್ತಿದೆ. ಡೀಸೆಲಣ್ಣ ಬಾನೆಟ್ಟು ಹಿಡಿದು ಹಾಗೆಯೇ ನೆಲದ ಮೇಲೆ ಕೂತುಬಿಡುತ್ತಾರೆ.

ಟೈಲರಕ್ಕ ಕತ್ತರಿ ಬಿಟ್ಟು ಬರುತ್ತಾರೆ. ಗಾಡಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡುತ್ತಾರೆ. "ಹೊಟ್ಟೆ ಬಂದೋರು ಅಂಗಿ ಬಿಗಿ ಆಯ್ತು ಅಂತ ಬಂದ್ರೆ ನಾನೇನು ಹೊಟ್ಟೆ ಕತ್ತರಿಸ್ತೀನಾ? ಬಟ್ಟೆ ಬಿಡಿಸ್ತೀನಿ. ಎದ್ದೇಳಿ, ಮುಚ್ಚಳಾನ ಸ್ವಲ್ಪ ಮೇಲೆ ಕೂರಿಸಿ." ಬಾನೆಟ್ಟಿನ ಕೀಲುಗಳ ಅಡಿಗೆ ರಬ್ಬರ್ ಬಿಲ್ಲೆಗಳು ಬೀಳುತ್ತವೆ. ಮುಂದೆ ಉಳಿದ ಸಂದಿಗೆ ಟೈಲರಕ್ಕನೇ ದಪ್ಪ ಕ್ಯಾನ್ವಾಸಿನ ಪಟ್ಟಿ ಹೊಲಿದು ಹಚ್ಚುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಏಳು ಜನ ಮೂರನೆಯ ಸಲ ಹತ್ತಿ ಕ್ವಾರಿಗೆ ಹೋಗಿ ಬರುತ್ತಾರೆ. ಹೊಸ ಮಣ್ಣಿನ ಉಂಡೆ ಹೆಬ್ಬೆರಳ ದಪ್ಪ ಉಳಿದಿದೆ.

ಗುರುವಾರ ಐದಕ್ಕೆ ಜೀಪು ಗುಡ್ಡದತ್ತ ಹೊರಡುತ್ತದೆ. ಡೀಸೆಲಣ್ಣನಿಗೆ ಆ ದಿನ ಯಾವ ಕೆಲಸವೂ ಕೈಗೆ ಹತ್ತುವುದಿಲ್ಲ. ಗುಡಿಸಿದ ಶೆಡ್ಡನ್ನೇ ಮತ್ತೆ ಗುಡಿಸುತ್ತಾರೆ. ಕೇಳುವ ಬಲಗಿವಿಯನ್ನು ರಸ್ತೆಯ ಕಡೆಗಿಟ್ಟುಕೊಂಡು ಕೂರುತ್ತಾರೆ. "ಅಂಗಿ ಗುಂಡಿ ತಪ್ಪಿ ಹಾಕಿದ್ದೀರಿ, ಬೆಳಿಗ್ಗೆಯಿಂದ ನೋಡ್ತಿದ್ದೀನಿ," ಎಂದು ಹೆಂಡತಿ ಬಂದು ತಾವೇ ಬಿಚ್ಚಿ ಸರಿಯಾಗಿ ಹಾಕುತ್ತಾರೆ. ಮಧ್ಯಾಹ್ನಕ್ಕೆ ಬರಬೇಕಿದ್ದ ಗಾಡಿ ಮೂರಾದರೂ ಬರುವುದಿಲ್ಲ. ನಾಲ್ಕಾದರೂ ಇಲ್ಲ. ಗೋಡೆಯ ಮೇಲಿನ ನೂರ ನಲವತ್ಮೂರನೆಯ ಸಾಲಿನ ಎದುರು ಅವರು ಸುಮ್ಮನೆ ನಿಂತಿದ್ದಾರೆ.

ಐದೂವರೆಗೆ ತಿರುವಿನಲ್ಲಿ ಆ ಇಂಜಿನ್ನಿನ ಸದ್ದು. ಮುಖವೆಲ್ಲ ಧೂಳಾದ ನರ್ಸು ಗಾಡಿಯಿಂದ ಬಹುತೇಕ ಹಾರಿ ಇಳಿಯುತ್ತಾರೆ. "ಹೆಣ್ಣು ಮಗು ಅಣ್ಣಾ! ಆಸ್ಪತ್ರೆ ಮುಟ್ಟಿಸಿದ ಅರ್ಧ ಗಂಟೆಗೆ ಆಪರೇಷನ್ನು. ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ. ಅವಳ ಅಮ್ಮ, ಅತ್ತೆ, ಗಂಡ, ನಾದಿನಿ ಎಲ್ಲ ಹತ್ಕೊಂಡ್ರು, ಒಬ್ರೂ ಇಳಿಯಲ್ಲ ಅಂದ್ರು. ದಾರಿಯುದ್ದಕ್ಕೂ ಅವಳ ಕೈ ಹಿಡ್ಕೊಂಡವರು ಬಿಡ್ಲಿಲ್ಲ."

"ಒಳ್ಳೇದಾಯ್ತು ತಾಯಿ, ಒಳ್ಳೇದಾಯ್ತು," ಎನ್ನುತ್ತಾರೆ ಡೀಸೆಲಣ್ಣ. ಕಣ್ಣು ತುಂಬಿದೆ. ಆಮೇಲೆ ಸಂಕೋಚದಿಂದ ಕೇಳುತ್ತಾರೆ: "ಮತ್ತೆ... ಗಾಡಿ ಹೇಗಿತ್ತು?"

"ಗಾಡಿನಾ?" ನರ್ಸು ತಿರುಗಿ ಜೀಪನ್ನು ಈಗಷ್ಟೇ ಕಂಡವರಂತೆ ನೋಡುತ್ತಾರೆ. "ಅಯ್ಯೋ ಅಣ್ಣಾ, ಬೇಜಾರು ಮಾಡ್ಕೋಬೇಡಿ. ಆ ಗಡಿಬಿಡೀಲಿ ಗಾಡಿ ವಿಷಯ ನಂಗೆ ನೆನಪೇ ಆಗ್ಲಿಲ್ಲ."

ಡೀಸೆಲಣ್ಣನ ಮುಖ ಊರಗಲ ಅರಳುತ್ತದೆ. ಗೋಡೆಯಾಚೆಗೆ ಕೇಳುವಂತೆ ಕೂಗುತ್ತಾರೆ: "ಏಯ್, ಕೇಳಿಸ್ತೇನೇ? ನೆನಪೇ ಆಗ್ಲಿಲ್ವಂತೆ!"