ಕರಿಯ ಯಾರ ಮುಂದೆ ಬೀಳುತ್ತಾನೆ

ಮಧ್ಯಾಹ್ನ ತಟ್ಟೆಗೆ ಮುದ್ದೆ ಮುರಿದು, ಸಾರು ಹುಯ್ದು, ನಮ್ಮ ನಾಯಿ ಕರಿಯನನ್ನು ಕೂಗಿದೆ. ಓಡಿ ಬಂದ. ತಟ್ಟೆ ಹತ್ತಿರ ಬಂದವನೇ ಮುಂಗಾಲು ಮಡಚಿದ. ಆಮೇಲೆ ಹಿಂಗಾಲು. ಖಾಲಿ ಗೋಣಿಚೀಲದ ಹಾಗೆ ಕುಸಿದ. ಕಣ್ಣು ಮಾತ್ರ ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು.

ಯಾರೋ ವಿಷ ಹಾಕಿದ್ದಾರೆ.

ಅಷ್ಟರಲ್ಲಿ ಎದ್ದು, ಏನೂ ಆಗದವನ ಹಾಗೆ ತಟ್ಟೆ ನೆಕ್ಕಿದ. ಸಂಜೆ ಮತ್ತೆ ಬಿದ್ದ. ಮಾರನೆಯ ದಿನವೂ ಬಿದ್ದ. ಕೂತಲ್ಲೇ ತೂಕಡಿಸುವುದು ಬೇರೆ.

ಕರಿಯ ಡಾಬರ್ಮನ್. ಹೆದ್ದಾರಿ ಪಕ್ಕ ಹೊಸದಾಗಿ ಎದ್ದ ಫ್ಯಾಕ್ಟರಿಯ ವಾಚ್‌ಮನ್ ಇವನು ಮರಿಯಾಗಿದ್ದಾಗ ಪುಕ್ಕಟೆ ಕೊಟ್ಟಿದ್ದ. ಅಂಥ ನಾಯಿಯನ್ನು ಯಾರಾದರೂ ಪುಕ್ಕಟೆ ಕೊಡುತ್ತಾರಾ? ಆಗಲೇ ನನಗೆ ಅನುಮಾನ. ಈಗ ಯಾರನ್ನೂ ಬಿಡಲಿಲ್ಲ. ಮೊದಲು ಫ್ಯಾಕ್ಟರಿಯಿಂದ ಹರಿದು ಬರುವ ನೀರು ಅಂದೆ. ಆಮೇಲೆ ಪಕ್ಕದವರು ಟೊಮೆಟೊಗೆ ಹೊಡೆದ ಔಷಧಿ ಅಂದೆ. ಕೊನೆಗೆ ನನ್ನ ಓರಗಿತ್ತಿ ಸಾಕಮ್ಮ.

ಬದುವಿನ ಜಗಳ ಆದಮೇಲೆ ಅವಳಿಗೂ ನನಗೂ ಮಾತಿಲ್ಲ. ಆದರೂ ಗೋಡೆ ಆಚೆಯಿಂದ ಕರಿಯನಿಗೆ ಮೂಳೆ ಎಸೆಯುತ್ತಿದ್ದಳು. ಅವಳನ್ನು ಕಂಡರೂ ಇವನು ದೊಪ್ಪನೆ ಬೀಳುತ್ತಿದ್ದ. ಇನ್ನೇನು ಸಾಕ್ಷಿ ಬೇಕು? ಸಾಲದ್ದಕ್ಕೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, "ನಾಯ್ಗೇನಾಗೈತೆ?" ಅಂತ ಬೀದಿಯಲ್ಲಿ ಅವಳೇ ಕೇಳಿಕೊಂಡು ಓಡಾಡಿದಳು.

ನಮ್ಮ ಯಜಮಾನರದು ಬೇರೆಯೇ ಲೆಕ್ಕ. "ಹುಚ್ಚು ಹಿಡ್ದೈತೆ ಕಣಮ್ಮಿ. ಮಕ್ಳು ಮರಿ ಓಡಾಡೋ ಬೀದಿ. ಭಾನುವಾರ ಹೊಡ್ದಾಕ್ಬುಡ್ತೀನಿ."

ದೊಣ್ಣೆ ಆಗಲೇ ಬಾಗಿಲ ಮೂಲೆಗೆ ಬಂದಿತ್ತು.

ನನ್ನ ಕೈತುತ್ತು ತಿಂದು ಬೆಳೆದ ಜೀವ. ಶನಿವಾರ ಬೆಳಗ್ಗೆ ಆಟೋಗೆ ಹತ್ತಿಸಿಕೊಂಡು ಅಕ್ಕೂರಿನಿಂದ ಚನ್ನಪಟ್ಟಣದ ಪಶು ಆಸ್ಪತ್ರೆಗೆ ಹೊರಟೆ. ಯಜಮಾನರೂ ಬಂದರು, ಡಾಕ್ಟರ ಬಾಯಲ್ಲಿ ಹುಚ್ಚು ಅಂತ ಹೇಳಿಸೋದಕ್ಕೆ.

ಡಾಕ್ಟರು ಜಗಲಿಯ ಮೇಲೆ ಬ್ರೆಡ್ಡಿನ ಚೂರುಗಳನ್ನು ಸಾಲಾಗಿ ಇಟ್ಟರು. ಇವರಿಗೆ ಏನೂ ಗೊತ್ತಿಲ್ಲ, ಆಟ ಆಡಿಸುತ್ತಿದ್ದಾರೆ ಅಂದುಕೊಂಡೆ. ಕರಿಯ ಮೊದಲ ಚೂರು ತಿಂದ. ಎರಡನೆಯದಕ್ಕೆ ಬಿದ್ದ. ಡಾಕ್ಟರು ಕಣ್ಣ ಮುಂದೆ ಬೆರಳಾಡಿಸಿದರು. ಅವನ ಕಣ್ಣು ಬೆರಳಿನ ಹಿಂದೆಯೇ ಹೋಯಿತು.

"ಹುಚ್ಚಲ್ಲಮ್ಮ, ನಾರ್ಕೊಲೆಪ್ಸಿ ಅಂತ ನಿದ್ದೆ ಕಾಯಿಲೆ. ಹೀಗೆ ಎಚ್ಚರ ಇದ್ದೂ ಬೀಳೋದು ಕ್ಯಾಟಪ್ಲೆಕ್ಸಿ."

"ಯಾರು ಹಾಕಿರದು ಸಾರ್?"

"ಯಾರೂ ಹಾಕಿಲ್ಲ. ಹುಟ್ಟುವಾಗಲೇ ಬಂದಿದ್ದು, ಬೆಳೀತಾ ಕಾಣಿಸ್ಕೊಳ್ಳುತ್ತೆ."

ಮೆದುಳಿನಲ್ಲಿ ಹೈಪೋಕ್ರೆಟಿನ್ ಅಂತ ಒಂದು ಕೆಮಿಕಲ್ ಇರುತ್ತದಂತೆ. ಎಚ್ಚರವನ್ನು ಕಾಯುವುದು ಅದರ ಕೆಲಸ. ಈ ತಳಿಯ ಕೆಲವು ನಾಯಿಗಳಲ್ಲಿ ಕೆಮಿಕಲ್ ಇದ್ದರೂ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಕೆಟ್ಟಿರುತ್ತದಂತೆ. ಕನಸು ಕಾಣುವಾಗ ಕೈಕಾಲು ಆಡದಂತೆ ಮೆದುಳೇ ಸಡಿಲ ಬಿಡುತ್ತದಲ್ಲ, ಇವನಿಗೆ ಅದು ಎಚ್ಚರದಲ್ಲೇ ಆಗುತ್ತದೆ. ನನಗೆ ನಮ್ಮ ಊರಿನ ಕರೆಂಟು ನೆನಪಾಯಿತು. ಸಿಂಗಲ್ ಫೇಸ್ ಬಂದರೆ ಬಲ್ಬು ಉರಿಯುತ್ತದೆ, ಪಂಪ್‌ಸೆಟ್ ಓಡಲ್ಲ.

"ಅದ್ಯಾಕೆ ಊಟ ಕಂಡಾಗ್ಲೇ ಬೀಳ್ತಾನೆ?"

"ಖುಷಿಗಮ್ಮ. ಜಾಸ್ತಿ ಖುಷಿಯಾದ್ರೆ ಬೀಳ್ತಾನೆ."

ವಾಸಿಯಾಗಲ್ಲ, ಮಾತ್ರೆಯಿಂದ ಕಮ್ಮಿಯಾಗಬಹುದು, ಬಾವಿ ಹತ್ತಿರ ಬಿಡಬೇಡಿ ಅಂದರು.

ವಾಪಸ್ ಬರುವಾಗ ಬೀದಿಯಲ್ಲಿ ಸಾಕಮ್ಮ ನಿಂತಿದ್ದಳು. ಕರಿಯ ಆಟೋದಿಂದ ಇಳಿದು ಓಡಿಹೋಗಿ ಅವಳ ಕಾಲ ಹತ್ತಿರವೇ ಬಿದ್ದ. ಹಾಗಾದರೆ ಅವಳನ್ನು ಕಂಡರೂ ಇವನಿಗೆ ಖುಷಿ! ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ವಿಷದ ಮಾತು ಬಿಟ್ಟೆ. ಬದುವಿನ ಮಾತು ಬಿಟ್ಟಿಲ್ಲ.

ಯಜಮಾನರು ಬಾಗಿಲ ಮೂಲೆಯ ದೊಣ್ಣೆಯನ್ನು ಒಳಗೆ ಎತ್ತಿಟ್ಟರು. ಅವರಿಗೂ ಆಗ ಹೊಳೆದಿರಬೇಕು. ಅವರನ್ನು ಕಂಡು ಕರಿಯ ಒಂದು ಸಲವೂ ಬಿದ್ದವನಲ್ಲ. ಅವತ್ತಿನಿಂದ ದಿನಾ ಸಂಜೆ ಜೇಬಿನಲ್ಲಿ ಬಿಸ್ಕತ್ತು. ಕರಿಯ ನೆಟ್ಟಗೆ ನಿಂತು ತಿನ್ನುವನು, ಹೋಗುವನು. ಇವರು ಮುಖ ಸಣ್ಣದು ಮಾಡಿಕೊಂಡು ಬೀಡಿ ಹಚ್ಚುವರು.

ಮಾತ್ರೆ ನಡೆಯುತ್ತಿದೆ. ಬೀಳುವುದು ಕಮ್ಮಿಯಾಗಿದೆ, ನಿಂತಿಲ್ಲ. ಮೊನ್ನೆ ಅಡುಗೆಮನೆಯಲ್ಲಿದ್ದೆ. ಅಂಗಳದಿಂದ ಯಜಮಾನರ ಕೂಗು.

"ಲೇ ಅಮ್ಮಿ, ಬಾರೇ ಇಲ್ಲಿ! ನಂಗೂ ಬಿದ್ದ ಕಣೇ!"

ಓಡಿ ಹೋಗಿ ನೋಡಿದೆ. ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ಕರಿಯನ ತಲೆ. ಕಣ್ಣೆರಡೂ ಅವರನ್ನೇ ನೋಡುತ್ತಿದ್ದವು.

"ನಿಮ್ಗೋ, ಬಿಸ್ಕತ್ತಿಗೋ, ಯಾರು ಕಂಡೋರು," ಅಂದೆ.

ಅವರು ಎರಡೂ ಅಂಗೈ ಬಿಚ್ಚಿ ತೋರಿಸಿದರು. ಬಿಸ್ಕತ್ತು ಇರಲಿಲ್ಲ.