ಬಾಗಿಲಿಗೆ ಬಂದ ಡಾಕ್ಟರು

ಬೇಸಿಗೆ ಶುರುವಾಗಿ ಕಮ್ಯುನಿಟಿ ಪೂಲಿಗೆ ಕ್ಲೋರಿನ್ ಹಾಕಿದ ದಿನ ಅದರ ಘಾಟು ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಆಗೆಲ್ಲ ಡಾಲಸ್ ಹತ್ತಿರದ ಕಾಪೆಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾಗುತ್ತಾರೆ, ಜೊತೆಗೆ ಸಿಟ್ಟೂ...

2010ರ ದಶಕದ ಆ ವರ್ಷಗಳಲ್ಲಿ ಡಾಲಸ್ ಸುತ್ತಮುತ್ತ ಯಾವ ಕನ್ನಡ ಕಾರ್ಯಕ್ರಮವಾದರೂ ತಬಲಾ ಅವರದೇ. ಧಾರವಾಡದಲ್ಲಿ ಪಳಗಿದ ಕೈ. ನುಡಿಸತೊಡಗಿದರೆ ಊಟದ ಸಾಲಿನಲ್ಲಿದ್ದವರು ತಟ್ಟೆ ಹಿಡಿದುಕೊಂಡೇ ಒಳಗೆ ಬರುತ್ತಿದ್ದರು. ಆದರೆ ಮನುಷ್ಯ? ತನಗಿಂತ ಮೊದಲು ಇನ್ನೊಬ್ಬರಿಗೆ ಶಾಲು ಹೊದಿಸಿದರು ಅಂತ ತಬಲಾವನ್ನು ಚೀಲಕ್ಕೆ ತುಂಬಿಕೊಂಡು ಎದ್ದು ಹೋದದ್ದನ್ನು ನಾನೇ ಕಂಡಿದ್ದೇನೆ. ಹಾಡಬೇಕಿದ್ದ ಹುಡುಗಿ ವೇದಿಕೆಯ ಮೇಲೆ ಅಳುತ್ತಾ ಕೂತಿದ್ದಳು.

ಒಂದು ವರ್ಷ ಅವರ ಬಲಭುಜ ಬಿಗಿದುಕೊಂಡಿತು. ಹ್ಯೂಸ್ಟನ್ನಿನ ಹೆಸರಾಂತ ಸರ್ಜನ್ ಒಬ್ಬರ ಅಪಾಯಿಂಟ್‌ಮೆಂಟ್ ಸಿಕ್ಕಿತು. ಅಂಕಲ್ ಸೂಟು ತೊಟ್ಟು, ಡಾಕ್ಟರಿಗೆ ಹೊದಿಸಲು ರೇಷ್ಮೆ ಶಾಲು, ಗಂಧದ ಹಾರ ಹಿಡಿದು ಹೊರಟರು. ಅಷ್ಟು ದೂರ ಆಂಟಿಯೇ ಡ್ರೈವ್ ಮಾಡಿದರು. ಸರ್ಜನ್ ಮುಖ ತೋರಿಸಲೇ ಇಲ್ಲ. ಸ್ಕ್ಯಾನ್ ನೋಡಿ ಅಸಿಸ್ಟೆಂಟ್ ಕೈಲಿ ಹೇಳಿ ಕಳಿಸಿದರು: ಆಪರೇಷನ್ ಬೇಡ, ದಿನಾ ಬೆಚ್ಚಗಿನ ಪೂಲಿಗಿಳಿದು ವ್ಯಾಯಾಮ ಮಾಡಲಿ, ಸರಿಹೋಗುತ್ತದೆ.

ಮರುದಿನ ನಾನು ವಿಚಾರಿಸಲು ಹೋದಾಗಲೂ ಅಂಕಲ್ ಕುದಿಯುತ್ತಿದ್ದರು.

"ನಾ ಯಾರಂತ ತಿಳಕೊಂಡಾನ ಅಂವಾ? ಹೊರಗ ಬಂದು ಒಂದು ನಮಸ್ಕಾರ ಹೇಳಲಿಕ್ಕೆ ಆಗಲಿಲ್ಲ! ಮಲಪ್ರಭಾದಾಗ ಈಜಿದಾಂವ ನಾ. ಹುಡುಗ್ರು ಉಚ್ಚಿ ಹೊಯ್ಯೋ ನೀರಾಗ ಇಳೀಬೇಕಂತ!"

ಆಂಟಿ ಕಾನ್ವೆಂಟಿನಲ್ಲಿ ಓದಿದವರು. ಚಹಾ ಕೊಡುತ್ತಾ, ನನಗೆ ಹೇಳುವಂತೆ, ಹೀಬ್ರೂ ಧರ್ಮಗ್ರಂಥದ ಒಂದು ಕಥೆ ತೆಗೆದರು. ಕುಷ್ಠ ಹಿಡಿದ ಸೇನಾಪತಿಯೊಬ್ಬ ಕಾಣಿಕೆ ಹೊತ್ತು ಪ್ರವಾದಿಯ ಮನೆ ಬಾಗಿಲಿಗೆ ಹೋದ. ಪ್ರವಾದಿ ಹೊರಗೇ ಬರದೆ, ಜೋರ್ಡಾನ್ ನದಿಯಲ್ಲಿ ಏಳು ಸಲ ಮುಳುಗಲಿ ಅಂತ ಹೇಳಿ ಕಳಿಸಿದ. ನಮ್ಮೂರ ನದಿಗಳು ಇದಕ್ಕಿಂತ ಮೇಲು ಅಂತ ಸೇನಾಪತಿ ಸಿಟ್ಟಿನಿಂದ ಹೊರಟುಬಿಟ್ಟ. ಸೇವಕರು ಸಮಾಧಾನ ಹೇಳಿ ಒಪ್ಪಿಸಿದರು. ಮುಳುಗಿದ, ವಾಸಿಯಾಯಿತು.

ಆಮೇಲೆ ಗಂಡನ ಕಡೆ ತಿರುಗಿದರು. "ದೊಡ್ಡ ಆಪರೇಷನ್ ಅಂದಿದ್ರ ಮಾಡಿಸ್ಕೋತಿದ್ರಿ. ನೀರಿಗೆ ಇಳೀರಿ ಅಂದ್ರ ಯಾಕ್ರಿ ಮರ್ಯಾದಿ ಹೋಗತದ?"

"ನನಗ ಕುಷ್ಠರೋಗ ಅಂತೀಯೇನ?" ಅಂಕಲ್ ಕಪ್ಪು ತಳ್ಳಿ ಎದ್ದರು. ಇಡೀ ಕಥೆಯಲ್ಲಿ ಅವರ ಕಿವಿಗೆ ಬಿದ್ದದ್ದು ಅದೊಂದೇ ಮಾತು.

ಸ್ವಲ್ಪ ದಿನಕ್ಕೇ ಆಸ್ಟಿನ್ನಿನಲ್ಲಿ, ದ ಡೊಮೇನ್ ಮಾಲ್ ಹತ್ತಿರ, ಇನ್ನೊಬ್ಬ ಡಾಕ್ಟರ್ ಸಿಕ್ಕಿದ. ಬಾಗಿಲಿಗೇ ಬಂದು ಕೈ ಕುಲುಕಿದ, ಶಾಲು ಹೊದ್ದು ಫೋಟೋಗೆ ನಿಂತ, ಆಪರೇಷನ್ ಮಾಡಿದ. ಆಮೇಲೆ ಆ ಕೈ ಎದೆಯ ಮಟ್ಟಕ್ಕೂ ಏಳಲಿಲ್ಲ. ಬೆರಳುಗಳು ಮರಗಟ್ಟಿದವು. ತಬಲಾ ಮುಗಿಯಿತು. ಆದರೂ ಕೇಳಿದವರಿಗೆಲ್ಲ ಅಂಕಲ್, "ಏನ್ ಡಾಕ್ಟರ್ ರೀ ಅಂವಾ! ಖುದ್ದು ಬಾಗಿಲಿಗೆ ಬಂದಿದ್ದ" ಅನ್ನುತ್ತಿದ್ದರು. ಅಷ್ಟು ದಡ್ಡ ಜಂಭವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೆಲವು ವರ್ಷಗಳಲ್ಲಿ ಹೃದಯಾಘಾತವಾಗಿ ಅವರು ತೀರಿಕೊಂಡರು. ಆಂಟಿ ಈಗ ಲಿಟಲ್ ಎಲ್ಮ್‌ನಲ್ಲಿ ಮಗಳ ಜೊತೆ ಇದ್ದಾರೆ. ಕಾರ್ಯಕ್ರಮಗಳಲ್ಲಿ ಈಗ ರೆಕಾರ್ಡ್ ಮಾಡಿದ ತಬಲಾ ಹಾಕುತ್ತಾರೆ. ಅದು ಶುರುವಾದರೆ ಸಾಕು, ಆಂಟಿ ಎದ್ದು ಹೊರಗೆ ನಡೆಯುತ್ತಾರೆ. ನಾನೂ ಹಿಂದೆಯೇ ಹೋಗುತ್ತೇನೆ. ಪಾರ್ಕಿಂಗಿನಲ್ಲಿ ನಿಂತು ಇಬ್ಬರೂ ಅವರನ್ನು ಬಾಯ್ತುಂಬ ಬೈಯುತ್ತೇವೆ...

ನಡುವೆಯೇ ಆಂಟಿ, "ಆದ್ರ ಎಂಥಾ ಕೈ ಇತ್ತವಾ ಅವರದು," ಅನ್ನುತ್ತಾರೆ. ಅಲ್ಲಿಂದ ಮುಂದೆ ನನಗೂ ಬೈಯಲು ಆಗುವುದಿಲ್ಲ.